ಮಗುಚಿ ಹಾಕಿದ ಕಲ್ಲು

ಆ ದಿನವೂ ಬೆಳಿಗ್ಗೆ ಐದೂವರೆಗೇ ಎದ್ದೆ. ಬಾಗಿಲ ಚಿಲಕಕ್ಕೆ ನೇತುಹಾಕಿದ್ದ ಚೀಲದಲ್ಲಿ ಹಾಲಿನ ಪ್ಯಾಕೆಟ್ಟು ಬಂದು ಬಿದ್ದಿತ್ತು. ಅದರ ಮೇಲಿನ ತಣ್ಣನೆಯ ಹನಿಗಳನ್ನು ಸೆರಗಿನಲ್ಲಿ ಒರೆಸಿ, ಕತ್ತರಿಸಿ, ಕಾಯಲು ಇಟ್ಟೆ. ನಮ್ಮ ಯಜಮಾನರಿಗೆ ಕಡಕೊಳದ ಕಾರ್ಖಾನೆಯಲ್ಲಿ ಮೊದಲ ಪಾಳಿ, ಆರೂಕಾಲಿಗೆ ಕಂಪನಿ ಬಸ್ಸು. ಡಬ್ಬಿಗೆ ಚಿತ್ರಾನ್ನ ತುಂಬಿ, ಮುಚ್ಚಳ ಸಡಿಲವಾಗಿದ್ದರಿಂದ ರಬ್ಬರು ಹಾಕಿ ಕೊಟ್ಟೆ. ಏಳೂಮುಕ್ಕಾಲಿಗೆ ಮಕ್ಕಳು ಶಾಲೆಗೆ ಹೋದರು. ಮನೆ ಒರೆಸಿ, ಒಂದು ಲೋಟ ಕಾಫಿ ನಿಂತುಕೊಂಡೇ ಕುಡಿದು, ಹಿತ್ತಲಿಗೆ ಬಂದು, ನೆನೆಸಿಟ್ಟಿದ್ದ ಬಟ್ಟೆಯ ಬಕೆಟ್ಟನ್ನು ಒಗೆಯುವ ಕಲ್ಲಿನ ಪಕ್ಕ ಎಳೆದುಕೊಂಡೆ.

ಅಂಥ ಒಗೆಯುವ ಕಲ್ಲು ನಮ್ಮ ಬೀದಿಯಲ್ಲಿ ಬೇರೆ ಯಾರ ಮನೆಯಲ್ಲೂ ಇರಲಿಲ್ಲ. ಕಪ್ಪು ಗ್ರಾನೈಟು, ಆರಡಿ ಉದ್ದ, ಎರಡೂವರೆ ಅಡಿ ಅಗಲ. ಒಂದು ಮೈ ಒರಟು, ಇನ್ನೊಂದು ಮೈ ಕನ್ನಡಿಯಂತೆ ನುಣುಪು. ನುಣುಪಾದ ಮೈ ಮಣ್ಣಿಗೆ ಮುಖ ಮಾಡಿತ್ತು. ಅದರಲ್ಲಿ ನನ್ನ ಅತ್ತೆಯ ಹೆಸರು ಕೊರೆದಿತ್ತು.

ಅವತ್ತು ನವೆಂಬರ್ ಎರಡು, ಸಮಾಧಿ ಹಬ್ಬ. ಕ್ರೈಸ್ತರಾದ ನಾವು ನಮ್ಮ ಸತ್ತವರ ಸಮಾಧಿಗಳಿಗೆ ಸುಣ್ಣ ಬಳಿದು, ಹೂವಿಟ್ಟು, ಮೇಣದ ಬತ್ತಿ ಹಚ್ಚುವ ದಿನ. ಅತ್ತೆ ತೀರಿಕೊಂಡು ಹನ್ನೆರಡು ದಿನವಾಗಿತ್ತು. ಹತ್ತು ಗಂಟೆಗೆ ನನ್ನ ಭಾವ ಚೌರಪ್ಪನವರು ಆ ಕಲ್ಲನ್ನು ತೆಗೆದುಕೊಂಡು ಹೋಗಲು ಟೆಂಪೋ ತರುವವರಿದ್ದರು. ಕೊಡುವುದಿಲ್ಲ ಎಂದು ತೀರ್ಮಾನ ಮಾಡಿಯೇ ನಾನು ಅಷ್ಟೊಂದು ಬಟ್ಟೆ ನೆನೆಸಿದ್ದೆ.

ಇದು ತೊಂಬತ್ತೊಂಬತ್ತರ ಮಾತು. ಮೊನ್ನೆ ನಮ್ಮ ಎದುರು ಮನೆಯವರು ಹಿತ್ತಲ ಗೋಡೆಗೆ ಬಳಿಯಲು ಡ್ರಮ್ಮಿನಲ್ಲಿ ಸುಣ್ಣ ಅರಳಿಸಿದ್ದರು. ಈಗೆಲ್ಲ ಯಾರು ಸುಣ್ಣ ಬಳಿಯುತ್ತಾರೆ? ಎಷ್ಟೋ ವರ್ಷಕ್ಕೆ ಆ ಬಿಸಿ, ಮೂಗಿಗೆ ಚುರ್ ಎನ್ನುವ ವಾಸನೆ ಬಂದದ್ದೇ ತಡ, ಸ್ಮಶಾನದ ಹಿಂದಿನ ಗೋಡೆ, ಮಳೆಗೆ ಕುಸಿದ ಮಣ್ಣು, ಅತ್ತೆಯ ಒರಟು ಪಾದ, ಎಲ್ಲ ಒಟ್ಟಿಗೆ ಎದುರಿಗೆ ಬಂದು ನಿಂತವು. ಆ ವರ್ಷ ನೀನು ಮಾಡಿದ್ದು ಸರಿಯಾ ಎಂದು ನಮ್ಮ ಬಳಗದಲ್ಲಿ ಈಗಲೂ ಕೆಲವರು ಕೇಳುತ್ತಾರೆ. ಸರಿ ಎಂದೇ ಹೇಳುತ್ತೇನೆ. ಅರ್ಧ ಕೇಳಿಕೊಂಡು ಹೋಗುವವರಿಗಾಗಿ ಪೂರ್ತಿ ಬರೆದಿಡುತ್ತಿದ್ದೇನೆ.

ಕಲ್ಲು ನಮ್ಮ ಮನೆಗೆ ಬಂದದ್ದು ಆ ಜೂನ್ ತಿಂಗಳಲ್ಲಿ, ಶಾಲೆ ಶುರುವಾದ ವಾರ. ಭಾವ ಎಂದರೆ ನಮ್ಮ ಯಜಮಾನರ ಅಣ್ಣ. ಸೈಟು ವ್ಯಾಪಾರ. ಮೈಸೂರು ನಾಲ್ಕು ದಿಕ್ಕಿಗೂ ಬೆಳೆಯುತ್ತಿದ್ದ ಕಾಲ ಅದು. ರಾಗಿ ಹೊಲದಲ್ಲಿ ಬಿಳಿ ಬಳಿದ ಗೂಟ ನೆಟ್ಟರೆ ಸಾಕು, ಅದೊಂದು ಬಡಾವಣೆ. ಅಂಥ ಗೂಟಗಳಿಂದಲೇ ಭಾವ ಎರಡಂತಸ್ತಿನ ಮನೆ ಕಟ್ಟಿಸಿದ್ದರು. ಆ ವರ್ಷ ನಮ್ಮ ಚರ್ಚಿನ ಸ್ಮಶಾನದ ಮುಂದಿನ ಕಾಂಪೌಂಡು ಕುಸಿದು ಬಿತ್ತು. ಅದನ್ನು ಕಟ್ಟಿಸಲು ದೊಡ್ಡ ಕಾಣಿಕೆ ಕೊಟ್ಟವರಿಗೆ ಗೇಟಿನ ಪಕ್ಕದಲ್ಲೇ ಶಾಶ್ವತ ಸಮಾಧಿ ಜಾಗ ಕೊಡುವುದಾಗಿ ಕಮಿಟಿಯವರು ಪ್ರಕಟಿಸಿದರು. ಶಾಶ್ವತ ಎಂದರೆ, ಅದನ್ನು ಮತ್ತೆ ಅಗೆಯುವುದಿಲ್ಲ. ಉಳಿದವರಿಗೆ ಆ ಭರವಸೆಯಿಲ್ಲ. ಸ್ಮಶಾನ ಚಿಕ್ಕದು, ಸಾಯುವವರು ನಿಲ್ಲುವುದಿಲ್ಲ. ಹತ್ತು ಹದಿನೈದು ವರ್ಷ ಕಳೆದ ಮೇಲೆ ಅದೇ ಗುಂಡಿಯಲ್ಲಿ ಇನ್ನೊಬ್ಬರನ್ನು ಇಡುತ್ತಾರೆ. ಹಿಂದಿನ ಗೋಡೆಯ ಉದ್ದಕ್ಕೂ ಇರುವ ಸಾಲು ಅಂಥದ್ದು. ಕಲ್ಲಿಲ್ಲ, ಹೆಸರಿಲ್ಲ, ಬರೀ ಮಣ್ಣಿನ ದಿಬ್ಬ. ಗೋಡೆ ಸಾಲು ಎಂದರೆ ಬಡವರ ಸಾಲು ಎಂದು ಎಲ್ಲರಿಗೂ ಗೊತ್ತು.

ಭಾವ ಗೇಟಿನ ಪಕ್ಕದ ಮೊದಲ ಜಾಗವನ್ನೇ ಹಿಡಿದರು. ಅಷ್ಟಕ್ಕೇ ನಿಲ್ಲದೆ ಕಲ್ಲನ್ನೂ ಕೊರೆಸಿಬಿಟ್ಟರು. ಅತ್ತೆ ಚೆನ್ನಾಗಿ ಓಡಾಡಿಕೊಂಡು, ದಿನಕ್ಕೆ ಮೂರು ಲೋಟ ಕಾಫಿ ಕುಡಿಯುತ್ತಾ ಇರುವಾಗಲೇ.

"ಮೊದಲೇ ಮಾಡ್ಸಿಟ್ರೆ ಆಮೇಲೆ ಗಡಿಬಿಡಿ ಇರಲ್ಲ ಅವ್ವ," ಎಂದರು, ಸೈಟಿಗೆ ಮುಂಗಡ ಕೊಡಿಸುವಾಗಿನ ದನಿಯಲ್ಲಿ. ನಾಲ್ಕು ಜನ ಕೂಲಿಗಳು ಕಲ್ಲನ್ನು ನಮ್ಮ ಹಿತ್ತಲ ಗೋಡೆಗೆ ಒರಗಿಸಿದರು. ಅವರ ಮನೆ ನಮ್ಮದಕ್ಕಿಂತ ನಾಲ್ಕು ಪಟ್ಟು ದೊಡ್ಡದು. ಆದರೆ ಅವರ ಹೆಂಡತಿ ಸ್ಟೆಲ್ಲಾ ಅಕ್ಕ, ಬದುಕಿರುವವರ ಮನೆಯಲ್ಲಿ ಗೋರಿ ಕಲ್ಲು ಇಡಿಸುವುದಿಲ್ಲ ಎಂದು ಹಟ ಹಿಡಿದಿದ್ದರಂತೆ. ನಾವೂ ಬದುಕಿರುವವರೇ ಎಂಬುದು ಯಾರಿಗೂ ಹೊಳೆಯಲಿಲ್ಲ.

ಅತ್ತೆಯ ಹೆಸರು ಲೂರ್ದಮ್ಮ. ಒಂದು ಹೆರಿಗೆ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಆಯಾ ಆಗಿದ್ದವರು. ಕೂಡಿಸಿ ಓದುವಷ್ಟು ಕನ್ನಡ ಬರುತ್ತಿತ್ತು. ಸೊಂಟದ ಮೇಲೆ ಕೈಯಿಟ್ಟುಕೊಂಡು ಕಲ್ಲಿನ ಮುಂದೆ ನಿಂತು, ಒಂದೊಂದು ಅಕ್ಷರದೊಳಗೂ ಬೆರಳಿಟ್ಟು ಓದಿದರು.

"ಇದ್ಯಾರ್ಲಾ ನಿಂಗೆ ಯೋಳಿದ್ದು, ನಾನು ಉಟ್ಟಿದ್ದು ಇಪ್ಪತ್ನಾಕ್ರಲ್ಲಿ ಅಂತ?"

"ಪೆನ್ಷನ್ ಪುಸ್ತಕದಲ್ಲಿ ಹಂಗೇ ಇದೆಯಲ್ಲವ್ವ."

"ಅದು ಡಾಕ್ಟ್ರಮ್ಮ ಬರ್ಕೊಂಡಿದ್ದು ಕಣೋ, ದನಕ್ಕೆ ನೋಡ್ದಂಗೆ ನನ್ನ ಅಲ್ಲು ನೋಡಿ. ನಾನು ಪ್ಲೇಗಿನ ವರ್ಸ ಉಟ್ಟಿದ್ದು. ಅದ್ಯಾವ ವರ್ಸ ಅಂತ ನಮ್ಮವ್ವಂಗೂ ಗೊತ್ತಿರ್ಲಿಲ್ಲ." ಬೆರಳು ಕೆಳಗಿನ ಸಾಲಿಗೆ ಇಳಿಯಿತು. "ಮರಣ... ಅತ್ತೊಂಬತ್ತು... ಇದೇನ್ಲಾ ಅರ್ಧಕ್ಕೇ ಬುಟ್ಟವ್ನೆ?"

ಭಾವ ಕತ್ತು ತುರಿಸಿಕೊಂಡರು. "ಅದು... ಉಳಿದಿದ್ದು ಆಮೇಲೆ ಹಾಕೋದು ಅವ್ವ."

ಕಲ್ಲು ಕೊರೆಯುವವನ ಕೈ ಅಭ್ಯಾಸ. ಅವನೂ ಅವನಪ್ಪನೂ ಕೊರೆದ ಎಲ್ಲ ಕಲ್ಲಿನಲ್ಲೂ ವರ್ಷ ಹತ್ತೊಂಬತ್ತರಿಂದಲೇ ಶುರು. ಮರಣದ ಮುಂದೆಯೂ ಹತ್ತೊಂಬತ್ತು ಎಂದು ಕೊರೆದು, ಎರಡು ಅಂಕಿಗೆ ಜಾಗ ಬಿಟ್ಟಿದ್ದ. ಕಲ್ಲು ಮಾಡಿಸಿದವರಿಗೂ ಅದು ಕಣ್ಣಿಗೆ ಬಿದ್ದಿರಲಿಲ್ಲ. ಅತ್ತೆ ಬಾಗಿಲೊಳಗಿನ ಕ್ಯಾಲೆಂಡರಿನ ಕಡೆ ನೋಡಿದರು, ಮಗನ ಕಡೆ ನೋಡಿದರು.

"ಅಂಗಾದ್ರೆ ನಾನು ಡಿಸೆಂಬರ್ ಒಳ್ಗೆ ಓಗ್ಬುಡ್ಬೇಕು ಅನ್ನು. ಜನವರಿ ಒಂದ್ನೇ ತಾರೀಕು ನಾನು ಎದ್ದು ಕಾಫಿ ಕೇಳಿದ್ರೆ ನಿನ್ನ ಕಲ್ಲು ಕೆಟ್ಟೋಯ್ತದಲ್ಲೋ ಚೌರಿ."

ನನಗೆ ನಗು ತಡೆಯಲಾಗದೆ ಒಳಗೆ ಓಡಿಹೋದೆ. ಭಾವ ಕಾಫಿಯನ್ನೂ ಕುಡಿಯದೆ ಹೋದರು.

ಟೆಂಪೋ ಸದ್ದು ಮರೆಯಾದ ಮೇಲೆ ಅತ್ತೆ ನನ್ನನ್ನು ಕರೆದರು. "ರೀಟಾ, ನಮ್ಮ ಒಗೆಯೋ ಕಲ್ಲು ಸೀಳು ಬುಟ್ಟದೆ, ಸೀರೆ ಅರೀತದೆ ಅಂತಿದ್ಯಲ್ಲ?"

"ಅತ್ತೆ, ಭಾವ ಬೈತಾರೆ."

"ಬಯ್ಲಿ ಬುಡು. ಬದ್ಕಿರೋತನ್ಕ ನಾಕು ಜನದ ಕೊಳೆ ತೆಗೀಲಿ. ಮಲಗಿಸಿದ್ರೆ ಒಗೆಯೋ ಕಲ್ಲು, ನಿಲ್ಸಿದ್ರೆ ಗೋರಿ. ಕಲ್ಲಿಗೇನ್ ಗೊತ್ತು?"

ಸಂಜೆ ಯಜಮಾನರು ಕೆಲಸದಿಂದ ಬಂದಮೇಲೆ, ಎದುರು ಮನೆಯ ಇಬ್ಬರನ್ನು ಕರೆಸಿ, ಕಲ್ಲನ್ನು ಮಗುಚಿ ನಲ್ಲಿಯ ಪಕ್ಕ ಕೂರಿಸಿದೆವು. ಹೆಸರು ಕೆಳಗೆ, ಒರಟು ಮೈ ಮೇಲೆ. ಸಾಬೂನಿನ ನೀರು ಹರಿದುಹೋಗಲು ಅತ್ತೆಯೇ ಒಂದು ಹಂಚಿನ ಚೂರು ಕೊಟ್ಟು ವಾಟ ಮಾಡಿಸಿದರು.

ಆ ಮಳೆಗಾಲ ವಿಚಿತ್ರವಾಗಿತ್ತು. ಎರಡು ಸಾವಿರ ಇಸವಿ ಬಂದರೆ ಲೋಕ ಮುಗಿಯುತ್ತದೆ ಎಂಬ ಮಾತು ನಮ್ಮ ಪ್ರಾರ್ಥನಾ ಕೂಟಗಳಲ್ಲೆಲ್ಲ ಹರಿದಾಡುತ್ತಿತ್ತು. ಮೇಣದ ಬತ್ತಿ ಕೂಡಿಡಿ, ಮೂರು ದಿನ ಕತ್ತಲಾಗುತ್ತದೆ ಎಂದು ಒಬ್ಬರು ಹೇಳಿದರೆ, ಹೌದೌದು ಎಂದು ತಲೆಯಾಡಿಸಿದವರೇ ಚರ್ಚಿನ ಪೂಜೆ ಮುಗಿದ ಮೇಲೆ ಭಾವನ ಹತ್ತಿರ ನಿಂತು ಮೂಲೆ ಸೈಟು ಉಳಿದಿದೆಯೇ ಎಂದು ವಿಚಾರಿಸುತ್ತಿದ್ದರು. ಲೋಕ ಮುಗಿಯಲಿ, ಆದರೆ ನಮ್ಮ ಹೆಸರಿಗೆ ನೋಂದಣಿಯಾದ ಮೇಲೆ ಮುಗಿಯಲಿ.

ಆಗಸ್ಟಿನ ಒಂದು ಭಾನುವಾರ ಫಾದರ್ ಪೂಜೆಯ ನಡುವೆ ಮಾಡಿದ ಪ್ರಸಂಗದಲ್ಲಿ ಆಸ್ತಿಯ ವಿಷಯ ಬಂತು. ನುಸಿ, ತುಕ್ಕು, ಕಳ್ಳ, ಈ ಮೂವರೂ ಮುಟ್ಟಲಾಗದ ಕಡೆ ಕೂಡಿಡಿ ಎಂದು ಯೇಸುಸ್ವಾಮಿ ಹೇಳಿದ್ದನ್ನು ಅವರು ಚೆನ್ನಾಗಿಯೇ ವಿವರಿಸಿದರು. ಭಾವ ಮುಂದಿನ ಬೆಂಚಿನಲ್ಲಿ ಕೂತು ತಲೆದೂಗಿದರು. ಅವರು ಕೂತ ಬೆಂಚಿನ ಬೆನ್ನಿಗೆ ಅವರದೇ ಹೆಸರು ದಾನಿಗಳೆಂದು ಬರೆದಿತ್ತು. ಹೊರಗೆ ಬಂದಮೇಲೆ, ಚಪ್ಪಲಿ ಹುಡುಕುತ್ತಾ ಅತ್ತೆ ಕೇಳಿದರು:

"ಚೌರಿ, ನಿನ್ನ ಕಲ್ಲಿಗೆ ನುಸಿ ಇಡಿಯಲ್ಲ, ತುಕ್ಕೂ ಇಡಿಯಲ್ಲ. ಕಳ್ಳಂಗೂ ಒರಕ್ಕಾಗಲ್ಲ. ಅದ್ಕೇನ್ಲಾ ಸ್ವರ್ಗದ ಬದ್ಲು ಗ್ರಾನೈಟ್ ತಗಂಡಿದ್ದು?"

ಸುತ್ತಲಿದ್ದವರು ನಕ್ಕರು. ಭಾವ ನಗಲಿಲ್ಲ. ಆಗ ನನಗೆ ಅವರ ಮೇಲೆ ಕೋಪವಿತ್ತು. ಈಗ ಯೋಚಿಸಿದರೆ, ಅವರ ಮುಖದಲ್ಲಿ ಇದ್ದದ್ದು ಅವಮಾನವಲ್ಲ, ನೋವು ಅನ್ನಿಸುತ್ತದೆ.

ಪಕ್ಕದ ಮನೆಗೆ ಗೌರಮ್ಮನವರು ಬಂದದ್ದು ಅದೇ ತಿಂಗಳು. ಲಿಂಗಾಯತರು, ಅವರ ಯಜಮಾನರದು ಅಕ್ಕಿ ಮಂಡಿ. ಮಧ್ಯಾಹ್ನ ಬಟ್ಟೆ ಒಗೆದು ಮುಗಿದು ಕಲ್ಲು ಒಣಗಿದ ಮೇಲೆ ಅತ್ತೆ ಅದರ ಮೇಲೆಯೇ ಕಾಲು ಚಾಚಿ ಕೂತು, ಬಿಸಿಲು ಕಾಯಿಸುತ್ತಾ ಜಪಸರ ಹೇಳುತ್ತಿದ್ದರು. ಗೌರಮ್ಮನವರು ಕಾಂಪೌಂಡಿನ ಆಚೆಯಿಂದ ಅಕ್ಕಿ ಆರಿಸುತ್ತಾ ಮಾತಿಗೆ ಸಿಗುತ್ತಿದ್ದರು. ನಿಮ್ಮಲ್ಲೂ ಸುಡಲ್ವಂತೆ, ನಮ್ಮಲ್ಲೂ ಮಣ್ಣೇ ಕೊಡೋದು ಕಣ್ರೀ ಎಂದು ಅವರು, ಕೂರಿಸ್ತೀರೋ ಮಲಗಿಸ್ತೀರೋ ಎಂದು ಇವರು. ಕಲ್ಲಿನ ಕೆಳಗೆ ಏನಿದೆ ಎಂದು ಅತ್ತೆಯೂ ಹೇಳಲಿಲ್ಲ, ನಾನೂ ಹೇಳಲಿಲ್ಲ.

ಶುಕ್ರವಾರಗಳಂದು ಅತ್ತೆ ಸ್ಮಶಾನಕ್ಕೆ ಹೋಗುತ್ತಿದ್ದರು. ಮಂಡಿ ನೋವು ಜಾಸ್ತಿಯಾದ ಮೇಲೆ ಜೊತೆಗೆ ನಾನು. ಆಸ್ಪತ್ರೆಯಲ್ಲಿ ಇದ್ದಾಗಿನಿಂದ ಅವರಿಗೊಂದು ಕೆಲಸ ಅಂಟಿಕೊಂಡಿತ್ತು. ನಮ್ಮವರಲ್ಲಿ ಯಾರೂ ದಿಕ್ಕಿಲ್ಲದವರು ಸತ್ತರೆ, ಮೈ ತೊಳೆದು, ತಲೆ ಬಾಚಿ, ಬಟ್ಟೆ ತೊಡಿಸಿ ಕಳಿಸುವುದು. ಕರೆದರೆ ಹೋಗುವುದು, ಕೊಟ್ಟರೆ ಒಂದು ಲೋಟ ಕಾಫಿ, ಇನ್ನೇನೂ ಮುಟ್ಟುತ್ತಿರಲಿಲ್ಲ. ಅವರೆಲ್ಲ ಸೇರುತ್ತಿದ್ದದ್ದು ಗೋಡೆ ಸಾಲಿಗೇ. ಕಲ್ಲಿಲ್ಲದ ಆ ದಿಬ್ಬಗಳ ಮುಂದೆ ಅತ್ತೆ ಒಂದು ತುದಿಯಿಂದ ಹೆಸರು ಹೇಳುತ್ತಾ ನಡೆಯುತ್ತಿದ್ದರು. ಬ್ರೆಡ್ಡಿನ ಜೋಸೇಫ. ಕುಂಟ ರಾಯಪ್ಪ. ಅವನ ತಲೆಹತ್ರ ಹಳೇ ತೆರೇಸಮ್ಮ, ಅವಳ ಮೇಲೆ ಹೊಸ ತೆರೇಸಮ್ಮ. ಆಸ್ಪತ್ರೆಯ ಕೂಸು, ಹೆಸರಿಡುವ ಮೊದಲೇ ಹೋದದ್ದು, ನಾನೇ ಮೇರಿ ಅಂತ ಕರೆದೆ ಎನ್ನುವರು. ಬ್ಯಾಂಡ್‌ಸೆಟ್ಟಿನ ಚಿನ್ನಪ್ಪ. ಚಿನ್ನಪ್ಪನ ಎಡಕ್ಕೆ ನಿಮ್ಮ ಮಾವ.

ಮಾವ ಸತ್ತಾಗ ನಮ್ಮ ಯಜಮಾನರು ಇನ್ನೂ ಹೊಟ್ಟೆಯಲ್ಲಿ. ಭಾವನಿಗೆ ಒಂಬತ್ತು ವರ್ಷ.

ವಾರ ವಾರ ಕೇಳಿ ಕೇಳಿ ಆ ಹೆಸರುಗಳು ನನಗೂ ಬಾಯಿಗೆ ಬಂದವು. ಒಂದು ಶುಕ್ರವಾರ ಜಿಟಿ ಮಳೆ. ಒಂದೇ ಛತ್ರಿ. ಮಾವನ ದಿಬ್ಬದ ಮುಂದೆ ನಿಂತು ಅತ್ತೆ ನನ್ನ ಮೊಣಕೈ ಹಿಡಿದರು.

"ನನ್ನನ್ನ ಇಲ್ಲೇ ಆಕ್ಸು ರೀಟಾ. ಆ ಗೇಟಿನತ್ರ ಬ್ಯಾಡ. ಅಲ್ಲಿ ನಂಗೆ ಯಾರ್ ಪರಿಚಯ ಅವ್ರೆ?"

"ಇಲ್ಲಿ ಹತ್ತು ವರ್ಷಕ್ಕೆ ಮತ್ತೆ ಅಗೀತಾರಲ್ಲ ಅತ್ತೆ."

"ಅಗೀಲಿ. ನನ್ ಮ್ಯಾಲೆ ಇನ್ನೊಬ್ರು ಬರ್ಲಿ. ಬಸ್ಸಲ್ಲಿ ವಸಿ ಜರುಗಿ ಜಾಗ ಬುಡಲ್ವ ನಾವು?" ದಿಬ್ಬದ ಕಡೆ ನೋಡುತ್ತಾ ಹೇಳಿದರು: "ಯೇಸುಸ್ವಾಮಿಗೇ ಸ್ವಂತ ಸಮಾಧಿ ಇರ್ಲಿಲ್ಲ ಕಣವ್ವ. ಇನ್ನೊಬ್ರುದ್ದು ಕೊಟ್ಟಿದ್ರು. ಅದ್ನೂ ಮೂರು ದಿನಕ್ಕೇ ಖಾಲಿ ಮಾಡ್ಕೊಟ್ಟ. ನಾನ್ಯಾವ ದೊಡ್ಡೋಳು, ಶಾಶ್ವತ ಜಾಗ ಇಡ್ಕಳಕ್ಕೆ?"

ಮಾತು ಕೊಟ್ಟೆ. ಕಾನ್ವೆಂಟಿನಲ್ಲಿ ಓದಿದವಳು ನಾನು. ಬೆನ್ನು ನೆಟ್ಟಗಿರಲಿ, ಉಗುರು ಚೊಕ್ಕವಾಗಿರಲಿ, ದನಿ ತಗ್ಗಿರಲಿ ಎಂದು ಸಿಸ್ಟರುಗಳು ಕಲಿಸಿದ್ದರು. ದನಿ ತಗ್ಗಿಸುವುದನ್ನು ಕಲಿಸಿದ್ದರೇ ಹೊರತು ಮಾತು ಬದಲಿಸುವುದನ್ನಲ್ಲ. ಇದನ್ನು ನಮ್ಮ ಬಳಗದವರು ಆಮೇಲೆ ತಿಳಿದುಕೊಂಡರು.

ದಸರಾ ಮುಗಿದ ಮಾರನೆಯ ದಿನ ಮಧ್ಯಾಹ್ನ, ಕಲ್ಲಿನ ಮೇಲೆ ಕೂತಿದ್ದ ಅತ್ತೆ ಎದೆ ಒತ್ತಿಕೊಂಡು ಒಳಗೆ ಬಂದು ಮಲಗಿದರು. ಆಟೋ ತರಲು ಹೋದವರು ಬರುವಷ್ಟರಲ್ಲಿ ಮುಗಿದಿತ್ತು. ಅವರು ಯಾರು ಯಾರಿಗೋ ಮಾಡುತ್ತಿದ್ದುದನ್ನು ಅವರಿಗೆ ನಾನು ಮಾಡಿದೆ. ಮೊದಲು ಹಣೆ, ಆಮೇಲೆ ಕೈ, ಕೊನೆಗೆ ಪಾದ. ಹಿಮ್ಮಡಿಯ ಬಿರುಕಿನಲ್ಲಿ ಸ್ಮಶಾನದ ಕೆಂಪು ಮಣ್ಣು ಸಿಕ್ಕ ಹಾಗೇ ಇತ್ತು. ಅದನ್ನು ಮಾತ್ರ ತೆಗೆಯಲಿಲ್ಲ.

ಭಾವನಿಗೆ ಅವತ್ತೇ ಹೇಳಿದೆ. ಮುದುಕರು ಏನೇನೋ ಅಂತಾರಮ್ಮ ಎಂದು ನಕ್ಕು, ಗೇಟಿನ ಪಕ್ಕ ಗುಂಡಿ ತೆಗೆಸಲು ಹೇಳಿ ಕಳಿಸಿದರು. ಮಾರನೆಯ ದಿನ ಪೂಜೆ ಮುಗಿಸಿ ಸ್ಮಶಾನಕ್ಕೆ ಹೋದರೆ ಗುಂಡಿ ತಯಾರಾಗಿತ್ತು. ಅಂಚಿಗೆ ಸಿಮೆಂಟನ್ನೂ ಕಟ್ಟಿಸಿದ್ದರು. ಪೆಟ್ಟಿಗೆಯನ್ನು ಅದರ ಪಕ್ಕದಲ್ಲಿ ಇಳಿಸಿದರು. ಎಲ್ಲರೂ ಒಬ್ಬೊಬ್ಬರಾಗಿ ಬಂದು ಹಣೆಗೆ ಮುತ್ತಿಟ್ಟರು. ಮುಚ್ಚಳ ಎತ್ತಿದರು. ನಾನು ಪೆಟ್ಟಿಗೆಯ ಅಂಚಿನ ಮೇಲೆ ಅಂಗೈ ಊರಿದೆ.

"ಕೈ ತೆಗಿಯಮ್ಮ," ಎಂದ ಮೊಳೆ ಹಿಡಿದವನು.

"ಎಲ್ಲಿಗೆ ಅಂತ ಹೇಳಿ. ಆಮೇಲೆ ಮುಚ್ಚಿ," ಎಂದೆ.

"ರೀಟಾ, ಜನರ ಮುಂದೆ ಬೇಡ," ಭಾವ ಹಲ್ಲು ಕಚ್ಚಿ ಹೇಳಿದರು.

"ಜನ ಇಲ್ಲದಾಗ ಹೇಳ್ದೆ ಭಾವ. ನೀವು ನಕ್ಬುಟ್ರಿ. ಅವ್ವ ಕೇಳಿದ್ದು ಗೋಡೆ ಸಾಲು. ನಾನು ಮಾತು ಕೊಟ್ಟಿದ್ದೀನಿ."

ಗುಂಪಿನಲ್ಲಿ ಗುಜುಗುಜು ಎದ್ದಿತು. ಸೊಸೆ ಅಂತೆ, ಗೋಡೆ ಸಾಲಂತೆ, ಅಷ್ಟು ದೊಡ್ಡ ಮಗನನ್ನಿಟ್ಟುಕೊಂಡು. ನಮ್ಮ ಯಜಮಾನರು ಏನೂ ಹೇಳಲಿಲ್ಲ. ಎರಡು ಹೆಜ್ಜೆ ನಡೆದು ನನ್ನ ಪಕ್ಕ ಬಂದು ನಿಂತರು. ಆ ಮನುಷ್ಯರ ಬಾಯಿಂದ ನಾನು ಕೇಳಿದ ಅತಿ ದೊಡ್ಡ ಭಾಷಣ ಅದು.

ಆಗ ಭಾವನ ದನಿ ಒಡೆಯಿತು. "ಅಪ್ಪನ್ನ ಆ ಗೋಡೆ ಹತ್ರನೇ ಹಾಕಿದ್ರು. ನಂಗೆ ಒಂಬತ್ತು ವರ್ಷ. ಕೈಗೆ ನಾಲ್ಕು ಕಾಸು ಬಂದ್ಮೇಲೆ ಒಂದು ಕಲ್ಲು ಹಾಕ್ಸಣ ಅಂತ ಹೋದೆ. ಯಾವ ಗುಂಡಿ ಅಂತ ಕಮಿಟೀಲಿ ಒಬ್ಬನಿಗೂ ಗೊತ್ತಿಲ್ಲ, ಪುಸ್ತಕದಲ್ಲೂ ಇಲ್ಲ. ಇವಳನ್ನೂ ಹಂಗೇ ಕಳ್ಕೋಬೇಕಾ ನಾನು?"

ಆ ಕ್ಷಣ ನನ್ನ ಕೈ ಸಡಿಲವಾದದ್ದು ನಿಜ. ತೆಗೆಯಲಿಲ್ಲ.

"ಅವ್ವನಿಗೆ ಗೊತ್ತಿತ್ತು ಭಾವ. ಮಾವ ಇರೋ ಕಡೆ ಪ್ರತಿ ವರ್ಷ ಬತ್ತಿ ಹಚ್ತಿದ್ರು. ನೀವು ಕಮಿಟಿ ಕೇಳಿದ್ರಿ, ಪುಸ್ತಕ ಕೇಳಿದ್ರಿ. ಅವ್ವನ್ನ ಕೇಳಲಿಲ್ಲ."

ಫಾದರ್ ಇನ್ನೂ ಚಿಕ್ಕ ವಯಸ್ಸಿನವರು, ಊರಿಗೆ ಹೊಸಬರು. ಕಾಣಿಕೆ ಕೊಟ್ಟವರ ಕಡೆ ಒಮ್ಮೆ, ಪೆಟ್ಟಿಗೆಯ ಕಡೆ ಒಮ್ಮೆ ನೋಡಿ, "ಅಮ್ಮ ಎಲ್ಲಿ ಕೇಳಿದರೋ ಅಲ್ಲೇ ಆಗಲಿ," ಎಂದರು. ಗುಂಡಿ ತೋಡುವ ಅಂತೋಣಪ್ಪ ಆಗಲೇ ಹಾರೆ ಎತ್ತಿಕೊಂಡಿದ್ದ. "ಎರಡು ಗಂಟೆ ಇಡೀತದೆ ಸ್ವಾಮಿ. ಆದ್ರೆ ಈ ಗುಂಡಿ ನಾನು ಕೂಲಿಗೆ ತೋಡಿದ್ದು, ಅದು ನಾನು ಅವ್ವಂಗೆ ತೋಡೋದು," ಎಂದ. ಮಳೆ ಬಂತು. ಅರ್ಧ ಜನ ಹೊರಟುಹೋದರು. ತೋಡಿದ ಗುಂಡಿ ಖಾಲಿ ಬಿಟ್ಟರೆ ಮನೆಯ ಇನ್ನೊಬ್ಬರನ್ನು ಕರೆಯುತ್ತದೆ ಎಂದು ಸ್ಟೆಲ್ಲಾ ಅಕ್ಕ ಅಳತೊಡಗಿದರು. ಕೊನೆಗೆ ಯಾರೋ ಒಂದು ಬಾಳೆದಿಂಡು ತಂದು ಅದರೊಳಗೆ ಮಲಗಿಸಿ ಮಣ್ಣು ಮುಚ್ಚಿದರು. ಶಾಶ್ವತ ಜಾಗ ಬಾಳೆದಿಂಡಿನ ಪಾಲಾಯಿತು.

ಸಮಾಧಿ ಹಬ್ಬದ ಬೆಳಿಗ್ಗೆ ಭಾವ ಕಲ್ಲು ಕೇಳಿಕೊಂಡು ಬಂದ ಹಿನ್ನೆಲೆ ಇದು. ಹತ್ತಕ್ಕೆ ಸರಿಯಾಗಿ ಟೆಂಪೋ ನಿಂತಿತು. ಹಾರೆ ಹಿಡಿದ ಇಬ್ಬರು, ಹಿಂದೆ ಭಾವ, ಬಿಳಿ ಅಂಗಿ. ನಾನು ಯಜಮಾನರ ಖಾಕಿ ಪ್ಯಾಂಟನ್ನು ಕಲ್ಲಿನ ಮೇಲೆ ಹರಡಿ ಬ್ರಷ್ ಹಾಕುತ್ತಿದ್ದೆ.

"ಕಲ್ಲು ತಗೊಂಡು ಹೋಗ್ಬೇಕಿತ್ತು ರೀಟಾ."

"ಬಟ್ಟೆ ಇದೆ ಭಾವ."

"ಕಾಯ್ತೀನಿ."

"ತುಂಬಾ ಇದೆ."

ಅವರು ಬಕೆಟ್ಟಿನ ಕಡೆ ನೋಡಿದರು. ಮನೆಯ ಪರದೆ, ಹೊದಿಕೆ, ಚೆನ್ನಾಗಿಯೇ ಇದ್ದ ಟವೆಲುಗಳು. ಅರ್ಥವಾಯಿತು.

"ನಿನಗೊಂದು ಹೊಸ ಒಗೆಯೋ ಕಲ್ಲು ಕೊಡಿಸ್ತೀನಿ. ಇದನ್ನ ಗೇಟ್ ಹತ್ರ ಹಾಕ್ಸ್ತೀನಿ. ಅವ್ವ ಅಲ್ಲಿಲ್ದಿದ್ರೆ ಬೇಡ, ಅವಳ ಹೆಸರಾದ್ರೂ ಇರ್ಲಿ. ವರ್ಷವೂ ತಪ್ಪಲಿಲ್ಲ ನೋಡು, ತೊಂಬತ್ತೊಂಬತ್ತು ಅಂತ ಹಾಕ್ಸಿದ್ರೆ ಮುಗೀತು."

"ಬಾಳೆದಿಂಡಿನ ಮೇಲೆ ಅವ್ವನ ಹೆಸರು ಹಾಕ್ತೀರಾ ಭಾವ?"

ಹಾರೆ ಹಿಡಿದವನೊಬ್ಬ ಕೆಮ್ಮಿದ. ಭಾವನ ಮುಖ ಕೆಂಪಾಯಿತು. "ಕಲ್ಲು ಮಾಡ್ಸಿದ್ದು ನಾನು. ನಂದು."

"ನೀವು ಅವ್ವನಿಗೆ ಕೊಟ್ರಿ. ಅವ್ವ ನನಗೆ ಕೊಟ್ರು. ಬಲವಂತವಾಗಿ ಎತ್ತಿಸ್ತೀರಾ, ಎತ್ತಿಸಿ. ನಾನು ಒಗೀತಾ ಇರ್ತೀನಿ."

ಪ್ಯಾಂಟನ್ನು ಮಡಿಸಿ ಎತ್ತಿ ಬಡಿದೆ. ನೊರೆ ಅವರ ಬಿಳಿ ಅಂಗಿಗೆ ಹಾರಿತು. ಬೇಕೆಂದು ಮಾಡಿದ್ದಲ್ಲ. ಬೇಡವೆಂದೂ ಎಚ್ಚರ ವಹಿಸಲಿಲ್ಲ. ಅವರು ಸ್ವಲ್ಪ ಹೊತ್ತು ನಿಂತಿದ್ದರು. ನಾನು ಪರದೆ ತೆಗೆದುಕೊಂಡೆ, ಆಮೇಲೆ ಹೊದಿಕೆ. ಮೂರನೆಯ ಟವೆಲಿನ ಹೊತ್ತಿಗೆ ಟೆಂಪೋ ಹೊರಟ ಸದ್ದು ಕೇಳಿಸಿತು. ಉಳಿದ ಬಟ್ಟೆಯನ್ನೂ ಒಗೆದೇ ಎದ್ದೆ.

ನಾಲ್ಕು ಗಂಟೆಗೆ ಸ್ಮಶಾನದಲ್ಲಿ ಪೂಜೆ. ಹೊಸ ಸುಣ್ಣ, ಸೇವಂತಿಗೆ, ಸಾಂಬ್ರಾಣಿ, ಕರಗುವ ಮೇಣ. ಗೇಟಿನ ಪಕ್ಕದ ಖಾಲಿ ಜಾಗವೇ ಎಲ್ಲಕ್ಕಿಂತ ಚೆಂದವಾಗಿತ್ತು. ಭಾವ ಅಲ್ಲಿ ಅತ್ತೆಯ ಫೋಟೋಗೆ ಚೌಕಟ್ಟು ಹಾಕಿಸಿ ಇಟ್ಟು, ಹೂವಿನಲ್ಲಿ ಶಿಲುಬೆ ಬರೆಸಿದ್ದರು. ಬಂದವರೆಲ್ಲ ಅಲ್ಲಿ ನಿಂತು, ಬತ್ತಿ ಹಚ್ಚಿ, ಚೆನ್ನಾಗಿ ಮಾಡ್ಸಿದೀರಿ ಎಂದು ಭಾವನ ಕೈ ಕುಲುಕಿ ಹೋಗುತ್ತಿದ್ದರು. ಫಾದರ್ ಕೂಡ ಮರೆತು ಅದರ ಮೇಲೆ ತೀರ್ಥ ಚಿಮುಕಿಸಿದರು. ನಾನು ಎರಡು ಕಟ್ಟು ಮೇಣದ ಬತ್ತಿ ಹಿಡಿದು ಗೋಡೆ ಸಾಲಿಗೆ ಹೋದೆ. ಹನ್ನೆರಡು ದಿನದ ಮಳೆಗೆ ಅತ್ತೆಯ ದಿಬ್ಬ ಇಳಿದುಹೋಗಿತ್ತು. ಆ ವಾರ ಪಕ್ಕದಲ್ಲೇ ಇನ್ನೂ ಇಬ್ಬರನ್ನು ಇಟ್ಟಿದ್ದರು. ಗೊತ್ತಿಲ್ಲದವರಿಗೆ ಎಲ್ಲ ಒಂದೇ ಕೆಂಪು ಮಣ್ಣು.

ಜನ ಕರಗಿದ ಮೇಲೆ ಹಿಂದೆ ಹೆಜ್ಜೆ ಸದ್ದಾಯಿತು. ಭಾವ. ಚಪ್ಪಲಿ ಕೈಯಲ್ಲಿತ್ತು. ಸಾಲಿನ ಆ ತುದಿಯಿಂದ ಈ ತುದಿಗೆ ನೋಡಿದರು, ಮತ್ತೆ ನೋಡಿದರು.

"ಅವ್ವ ಎಲ್ಲಿ?"

ಬೆರಳು ತೋರಿಸಬಹುದಿತ್ತು. ತೋರಿಸಿದ್ದರೆ ಒಂದು ಬತ್ತಿ ಹಚ್ಚಿ ಹೋಗುತ್ತಿದ್ದರು. ಒಂದು ಕಟ್ಟನ್ನು ಅವರ ಕೈಗೆ ಕೊಟ್ಟೆ.

"ಈ ತುದಿಯಿಂದ ಹಚ್ತಾ ಬನ್ನಿ ಭಾವ. ದಾರೀಲಿ ಸಿಗ್ತಾರೆ. ಮಾವನೂ."

ನನ್ನನ್ನು ದುರುಗುಟ್ಟಿ ನೋಡಿದರು. ನಾನು ಕಣ್ಣು ತಗ್ಗಿಸಲಿಲ್ಲ. ಆಮೇಲೆ ಬಿಳಿ ಪ್ಯಾಂಟಿನ ಮಂಡಿಯನ್ನು ಮಣ್ಣಿಗೆ ಊರಿ ಮೊದಲ ಬತ್ತಿ ನೆಟ್ಟರು. "ಇದ್ಯಾರು?"

"ಬ್ರೆಡ್ಡಿನ ಜೋಸೇಫ."

"ಇದು?"

"ಕುಂಟ ರಾಯಪ್ಪ. ಅವನ ತಲೆಹತ್ರ ಎರಡು ಹಚ್ಚಿ, ತೆರೇಸಮ್ಮಂದಿರು ಇಬ್ಬರು."

ಗಾಳಿಗೆ ಕೆಲವು ಆರಿದವು. ಮತ್ತೆ ಹಚ್ಚಿದರು. ಕೂಸು ಮೇರಿಯ ಹತ್ತಿರ ಸ್ವಲ್ಪ ಹೊತ್ತು ಕೂತರು. ಬ್ಯಾಂಡ್‌ಸೆಟ್ಟಿನ ಚಿನ್ನಪ್ಪ ಎಂದಾಗ, ಇವನನ್ನ ನೋಡಿದ್ದೀನಿ, ಅಪ್ಪನ ಮಣ್ಣಿಗೆ ಇವನೇ ಊದಿದ್ದು ಎಂದರು. ಚಿನ್ನಪ್ಪನ ಎಡಕ್ಕೆ ಬಂದಾಗ ನಾನು ಹೆಸರು ಹೇಳಲಿಲ್ಲ. ಅವರೂ ಕೇಳಲಿಲ್ಲ. ಅಲ್ಲೊಂದು, ಅದರ ಪಕ್ಕ ಒಂದು ನೆಟ್ಟು, ಮಣ್ಣಿನ ಮೇಲೆ ಎರಡೂ ಅಂಗೈ ಇಟ್ಟುಕೊಂಡು ಕೂತರು. ಆಮೇಲೆ ಎದ್ದು, ಉಳಿದ ಸಾಲನ್ನೂ ಮುಗಿಸಿದರು.

ಗೇಟಿನ ಹತ್ತಿರ ಚಪ್ಪಲಿ ಹಾಕಿಕೊಳ್ಳುತ್ತಾ, "ನೀನು ಗೆದ್ದೆ ಅಂದ್ಕೋಬೇಡ. ಮಾಡಿದ್ದು ತಪ್ಪೇ," ಎಂದರು.

"ಸರಿ ಭಾವ," ಎಂದೆ. ಫೋಟೋವನ್ನು ಅವರೇ ಎತ್ತಿಕೊಂಡು ಹೋದರು.

ಮನೆಗೆ ಬಂದಾಗ ಚಾಮುಂಡಿ ಬೆಟ್ಟದ ದೀಪ ಹತ್ತಿತ್ತು. ಬೀದಿಯಲ್ಲಿ ಮಕ್ಕಳು ದೀಪಾವಳಿಗೆ ಮೊದಲೇ ಪಟಾಕಿ ಶುರು ಮಾಡಿದ್ದರು. ಹಿತ್ತಲಲ್ಲಿ ಒಣಗಿದ ಪರದೆಗಳನ್ನು ತಂತಿಯಿಂದ ತೆಗೆದು ಭುಜಕ್ಕೆ ಹಾಕಿಕೊಳ್ಳುತ್ತಿದ್ದೆ. ಕಾಂಪೌಂಡಿನ ಆಚೆ ಗೌರಮ್ಮನವರು ಕಸದ ಬುಟ್ಟಿ ಕೊಡವಿ, ಹೋಗುವವರು ಏನೋ ನೆನಪಾಗಿ ತಿರುಗಿದರು.

"ರೀಟಮ್ಮ, ನಾಳೆ ಬೆಳಿಗ್ಗೆ ಲೂರ್ದಮ್ಮನೋರ ಕಲ್ಲು ಖಾಲಿ ಇರುತ್ತಾ? ಹಬ್ಬಕ್ಕೆ ಎರಡು ಕಂಬಳಿ ಒಗೀಬೇಕಿತ್ತು ಕಣ್ರೀ."